ಕೊಜುಮೆಲ್‌ನಲ್ಲಿ ಡೈವಿಂಗ್: ನೀರಿನ ಸೆಳವಿಗೆ ಹೆದರಬೇಕಾ?

ಪ್ರಶ್ನೆ: ನಾವು ಗಂಡ ಹೆಂಡತಿ ಡಲ್ಲಾಸ್‌ನಲ್ಲಿದ್ದೇವೆ. ಹೋದ ಸಲ ಊರಿಗೆ ಬಂದಾಗ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಮ್ಮೆ ಸ್ಕೂಬಾ ಮಾಡಿದ್ದೆವು. ಇನ್‌ಸ್ಟ್ರಕ್ಟರ್ ಕೊನೆಯವರೆಗೂ ಹಿಡಿದುಕೊಂಡೇ ಇದ್ದರು. ಈ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಕೊಜುಮೆಲ್ ದ್ವೀಪಕ್ಕೆ ಆರು ದಿನ ಹೋಗುವ ಯೋಚನೆ ಇದೆ. ಅಲ್ಲಿ ಸೆಳವು ಜಾಸ್ತಿ, ಹೊಸಬರಿಗೆ ಆಗಲ್ಲ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ನನಗೆ ಈಜು ಬರುತ್ತದೆ, ಹೆಂಡತಿಗೆ ಅಷ್ಟಾಗಿ ಬರುವುದಿಲ್ಲ. ಹೋಗಬಹುದಾ?

ಉತ್ತರ: ಹೋಗಬಹುದು. ಆದರೆ ನೇತ್ರಾಣಿಯ ಆ ಒಂದು ಡೈವ್ ನಂಬಿಕೊಂಡು ನೇರವಾಗಿ ದೋಣಿ ಹತ್ತಬೇಡಿ. ಡಿಸೆಂಬರ್‌ಗೆ ಮುಂಚೆ ಡಲ್ಲಾಸ್‌ನಲ್ಲೇ ಮಾಡಿ ಮುಗಿಸಬೇಕಾದ ಕೆಲಸ ಇದೆ.

ಮೊದಲು ಸೆಳವಿನ ಮಾತು. ಕೊಜುಮೆಲ್ ಇರುವುದು ಕೆರಿಬಿಯನ್ ಸಮುದ್ರದಲ್ಲಿ, ಯುಕಟಾನ್ ಕರಾವಳಿಯ ಪ್ಲಾಯಾ ಡೆಲ್ ಕಾರ್ಮೆನ್ ಊರಿನ ಎದುರಿಗೆ. ದ್ವೀಪಕ್ಕೂ ದಡಕ್ಕೂ ನಡುವಿನ ಕಾಲುವೆಯಲ್ಲಿ ನೀರು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಲೇ ಇರುತ್ತದೆ. ಹವಳದ ದಿಬ್ಬಗಳು ಇರುವುದೂ ಆ ಕಾಲುವೆಯ ಕಡೆಗೇ, ದ್ವೀಪದ ಪಶ್ಚಿಮ ದಡದ ಉದ್ದಕ್ಕೇ. ಹಾಗಾಗಿ ಅಲ್ಲಿ ದೋಣಿಯನ್ನು ಲಂಗರು ಹಾಕಿ ನಿಲ್ಲಿಸುವುದಿಲ್ಲ. ಎಲ್ಲರೂ ಒಟ್ಟಿಗೆ ನೀರಿಗಿಳಿದು, ಒಟ್ಟಿಗೆ ಕೆಳಗೆ ಹೋಗಿ, ಸೆಳವು ಒಯ್ದ ಕಡೆ ಹೋಗುತ್ತೀರಿ. ಮೇಲೆ ದೋಣಿಯವರು ನಿಮ್ಮ ಗಾಳಿಯ ಗುಳ್ಳೆಗಳನ್ನು ನೋಡಿಕೊಂಡು ಹಿಂಬಾಲಿಸುತ್ತಾರೆ. ಮುಗಿಯುವ ಹೊತ್ತಿಗೆ ಗೈಡ್ ಒಂದು ಬಣ್ಣದ ಗಾಳಿಚೀಲ ಮೇಲಕ್ಕೆ ಬಿಡುತ್ತಾರೆ, ದೋಣಿ ಅಲ್ಲಿಗೇ ಬಂದು ಹತ್ತಿಸಿಕೊಳ್ಳುತ್ತದೆ. ಇದಕ್ಕೆ ಡ್ರಿಫ್ಟ್ ಡೈವಿಂಗ್ ಅಂತಾರೆ.

ಹೊಸಬರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಕಾಲು ಹೊಡೆಯುವ ಶ್ರಮ ಕಡಿಮೆ, ಹಾಗಾಗಿ ಸಿಲಿಂಡರ್‌ನ ಗಾಳಿ ಜಾಸ್ತಿ ಹೊತ್ತು ಬರುತ್ತದೆ. ತೊಂದರೆ ಶುರುವಾಗುವುದು ಸೆಳವಿಗೆ ಎದುರು ಈಜಲು ಹೋದಾಗ. ಆಮೆ ಕಂಡಿತು, ಫೋಟೋ ತಪ್ಪಿತು ಅಂತ ಹಿಂದಕ್ಕೆ ಹೋಗಲು ನೋಡಿದರೆ ಎರಡೇ ನಿಮಿಷದಲ್ಲಿ ಉಸಿರು ಏರುತ್ತದೆ, ಗಾಳಿ ಖರ್ಚಾಗುತ್ತದೆ, ಗುಂಪೂ ಕೈತಪ್ಪುತ್ತದೆ. ಹೋದದ್ದು ಹೋಯಿತು ಅಂತ ಬಿಟ್ಟುಬಿಡಿ. ಸ್ವಲ್ಪ ನಿಲ್ಲಬೇಕು ಅನ್ನಿಸಿದರೆ ದೊಡ್ಡ ಹವಳದ ದಿಬ್ಬದ ಮರೆಗೆ ಬನ್ನಿ, ಅದರ ಹಿಂಬದಿ ನೀರು ಸುಮಾರಾಗಿ ಶಾಂತವಾಗಿರುತ್ತದೆ. ಆದರೆ ಅದನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ.

ನೋಡಿ, ಇಲ್ಲಿ ಮುಖ್ಯವಾಗಿ ಬೇಕಾಗುವುದು ತೋಳಿನ ಬಲ ಅಲ್ಲ. ಇಳಿಯದೆ, ಏರದೆ, ಒಂದೇ ಆಳದಲ್ಲಿ ತೇಲಿಕೊಂಡಿರುವ ಹದ. ಅದು ಈಜುಕೊಳದಲ್ಲಿ ಬರುವ ವಿದ್ಯೆ. ಅದಕ್ಕೇ ಡಲ್ಲಾಸ್‌ನಲ್ಲಿ ಓಪನ್ ವಾಟರ್ ಅನ್ನುವ, ಹೊಸಬರ ಸ್ಕೂಬಾ ಕೋರ್ಸ್‌ಗೆ ಸೇರಿ, ಪಾಠ ಮತ್ತು ಈಜುಕೊಳದ ಅಭ್ಯಾಸ ಅಲ್ಲೇ ಮುಗಿಸಿ. ಉಳಿಯುವ ನಾಲ್ಕು ಸಮುದ್ರದ ಡೈವ್‌ಗಳನ್ನು ಕೊಜುಮೆಲ್‌ನಲ್ಲಿ ಮಾಡಬಹುದು. ಇದನ್ನು ರೆಫರಲ್ ಅಂತಾರೆ, ಮುಂಚೆಯೇ ಕಾಗದ ಮಾಡಿಸಿಕೊಳ್ಳಿ. ಎರಡು ದಿನದಲ್ಲಿ ಮುಗಿಯುತ್ತದೆ. ರಜೆಯ ಅರ್ಧ ದಿನಗಳನ್ನು ಪುಸ್ತಕ, ಪರೀಕ್ಷೆ ಅಂತ ಹೋಟೆಲ್ ರೂಮಿನಲ್ಲಿ ಕಳೆಯುವುದು ತಪ್ಪುತ್ತದೆ.

ನಿಮ್ಮ ಹೆಂಡತಿಯ ವಿಷಯ. ಈ ಕೋರ್ಸ್‌ಗೆ ಸಾಮಾನ್ಯವಾಗಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ವೇಗಕ್ಕೆ ಬೆಲೆ ಇಲ್ಲ, ನಿಧಾನಕ್ಕೆ ಈಜಿದರೂ ಸಾಕು. ಈಗಿನಿಂದ ವಾರಕ್ಕೆರಡು ಸಲ ಕೊಳಕ್ಕೆ ಹೋದರೆ ಆಗದ ಮಾತೇನಲ್ಲ. ಅವರಿಗೆ ಮನಸ್ಸಿಲ್ಲದಿದ್ದರೆ ಮಾತ್ರ ಒತ್ತಾಯ ಮಾಡಬೇಡಿ. ನೀರಿನ ಕೆಳಗೆ ಗಾಬರಿಯಾದವರನ್ನು ನಾನು ನೋಡಿದ್ದೇನೆ. ಬಹಳಷ್ಟು ಮಂದಿ ತಮ್ಮ ಆಸೆಗೆ ಬಂದವರಲ್ಲ, ಜೊತೆಯವರಿಗಾಗಿ ಬಂದವರು. ದಡದ ಹತ್ತಿರ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್ ಮಾಡಿದರೂ ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ.

ಜಾಗಗಳ ಆಯ್ಕೆಯಲ್ಲಿ ನಾಚಿಕೆ ಬೇಡ. ಪ್ಯಾರಡೈಸ್, ಯುಕಬ್, ಪಲಂಕಾರ್ ಗಾರ್ಡನ್ಸ್ ಮೊದಲು ಮಾಡಿ. ಇಲ್ಲೆಲ್ಲ 18 ಮೀಟರ್ ದಾಟದೆ ಚೆನ್ನಾಗಿ ನೋಡಬಹುದು. 10 ಮೀಟರ್ ಆಳದಲ್ಲಿ ಮೇಲ್ಮೈಗಿಂತ ಎರಡು ಪಟ್ಟು ಗಾಳಿ ಖರ್ಚಾಗುತ್ತದೆ, 20 ಮೀಟರ್‌ನಲ್ಲಿ ಮೂರು ಪಟ್ಟು. ಆಳಕ್ಕೆ ಹೋದಷ್ಟೂ ಕೆಂಪು ಬಣ್ಣವೂ ಮಾಯ. ಪ್ಯಾರಡೈಸ್‌ನಲ್ಲಿ ಹವಳದ ಅಡಿಯ ಸಂದುಗಳನ್ನು ನಿಧಾನವಾಗಿ ನೋಡುತ್ತಾ ಹೋಗಿ. ಮುಖದ ತುಂಬ ಪಟ್ಟೆ, ರೆಕ್ಕೆಯ ಅಂಚಿನಲ್ಲಿ ಹೊಳೆಯುವ ಹಳದಿ ಇರುವ ಒಂದು ಮೀನು ಅಲ್ಲಿ ಅಡಗಿ ಕೂತಿರುತ್ತದೆ. ಸ್ಪ್ಲೆಂಡಿಡ್ ಟೋಡ್‌ಫಿಶ್ ಅಂತ ಹೆಸರು. ಕೊಜುಮೆಲ್‌ನ ಮೀನು ಅಂತಲೇ ಅದು ಪ್ರಸಿದ್ಧ. ಎಷ್ಟೋ ಜನ ಅದರ ಮೇಲೆ ಹಾದು ಹೋಗುತ್ತಾರೆ, ನೋಡುವುದಿಲ್ಲ. ನನಗಂತೂ ಆಳಕ್ಕೆ ನೆಟ್ಟಗೆ ಇಳಿಯುವ ಯಾವ ದೊಡ್ಡ ಹವಳದ ಗೋಡೆಗಿಂತ ಆ ಸಂದುಗಳೇ ಇಷ್ಟ.

ಅಂಥ ಗೋಡೆಗಳಲ್ಲೊಂದಾದ ಸಾಂತಾ ರೋಸಾ ವಾಲ್ ಇನ್ನೊಂದು ಸಲಕ್ಕೆ ಇರಲಿ. ಪುಂತಾ ಸುರ್‌ನ ಡೆವಿಲ್ಸ್ ಥ್ರೋಟ್ ಬೇಡವೇ ಬೇಡ. ಅದು ಕತ್ತಲ ಸುರಂಗ, ಹೊರಬರುವ ಬಾಯಿ 35 ಮೀಟರ್‌ಗೂ ಕೆಳಗಿದೆ. ಓಪನ್ ವಾಟರ್ ಮಟ್ಟಕ್ಕೆ ಹಾಕಿರುವ ಮಿತಿ 18 ಮೀಟರ್. "ಏನಾಗಲ್ಲ, ಬನ್ನಿ" ಅಂತ ಯಾವ ಗೈಡ್ ಕರೆದರೂ ಬರುವುದಿಲ್ಲ ಅನ್ನಿ. ಹಾಗೆ ಕರೆಯುವವರ ಜೊತೆ ಮಾರನೆಯ ದಿನವೂ ಹೋಗಬೇಡಿ. ಬುಕ್ ಮಾಡುವಾಗಲೇ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಹೊಸಬರನ್ನೂ ಅನುಭವಿಗಳನ್ನೂ ಒಂದೇ ಗುಂಪಿಗೆ ಹಾಕುತ್ತೀರಾ? ಒಬ್ಬರ ಗಾಳಿ ಕಡಿಮೆಯಾದರೆ ಎಲ್ಲರೂ ಮೇಲೆ ಬರಬೇಕಾ? ಆಮ್ಲಜನಕದ ಕಿಟ್ ದೋಣಿಯಲ್ಲೇ ಇರುತ್ತದಾ? ಅವರು ಕೊಡುವ ಉತ್ತರಕ್ಕಿಂತ ಕೊಡುವ ರೀತಿಯಲ್ಲೇ ಬಹಳ ವಿಷಯ ಗೊತ್ತಾಗುತ್ತದೆ.

ಡಿಸೆಂಬರ್‌ನಲ್ಲಿ ಚಂಡಮಾರುತದ ಕಾಲ ಮುಗಿದಿರುತ್ತದೆ. ಆದರೆ ಉತ್ತರದಿಂದ ತಣ್ಣನೆ ಗಾಳಿ ಬೀಸಲು ಶುರುವಾಗುತ್ತದೆ, ಸ್ಥಳೀಯರು ಅದನ್ನು ನೊರ್ತೆ ಅಂತಾರೆ. ಜೋರಾಗಿ ಬಂದರೆ ಬಂದರಿನ ಅಧಿಕಾರಿಗಳು ದೋಣಿ ಬಿಡುವುದನ್ನು ನಿಲ್ಲಿಸುತ್ತಾರೆ. ಅವತ್ತು ಡೈವ್ ಇಲ್ಲ, ಅಷ್ಟೇ. ಹಾಗಾಗಿ ಆರು ದಿನವೂ ತುಂಬಿಸಿಕೊಳ್ಳಬೇಡಿ. ನೀರು ಸುಮಾರು 26 ಡಿಗ್ರಿ ಇರುತ್ತದೆ, ಎರಡನೇ ಡೈವ್ ಹೊತ್ತಿಗೆ ಚಳಿ ಹಿಡಿಯುತ್ತದೆ. 3 ಮಿಲಿಮೀಟರ್‌ನ ಪೂರ್ತಿ ಸೂಟ್ ಕೇಳಿ.

ವೀಸಾ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಪ್ರವಾಸಕ್ಕೆ ಬೇರೆ ಮೆಕ್ಸಿಕೋ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್‌ನಲ್ಲಿರುವ ಸ್ಟ್ಯಾಂಪ್‌ನ ಅವಧಿ ಮುಗಿದಿದ್ದರೆ, ಕೆಲಸದ ಕಾಗದ ಎಷ್ಟೇ ಸರಿಯಿರಲಿ, ಮೆಕ್ಸಿಕೋ ದೂತಾವಾಸದಲ್ಲಿ ಕೇಳದೆ ಟಿಕೆಟ್ ಮಾಡಬೇಡಿ. ವಾಪಸ್ ಅಮೆರಿಕದೊಳಗೆ ಬರುವುದೂ ಇದೆಯಲ್ವಾ.

ಪ್ರಶ್ನೆ: ನನಗೆ 56 ವರ್ಷ, ಮೈಸೂರಿನವನು. ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ. ಹ್ಯೂಸ್ಟನ್‌ನಲ್ಲಿರುವ ಮಗಳು ಕೊಜುಮೆಲ್‌ಗೆ ಕರೆದುಕೊಂಡು ಹೋಗಿ ಡೈವ್ ಮಾಡಿಸುತ್ತೇನೆ ಅನ್ನುತ್ತಾಳೆ. ಈ ವಯಸ್ಸಿಗೆ ಸರಿಯಾ?

ಉತ್ತರ: ವಯಸ್ಸು ಅಡ್ಡಿಯಲ್ಲ ಸಾರ್, ಬಿಪಿಯನ್ನು ಮಾತ್ರ ಮುಚ್ಚಿಡಬೇಡಿ. ನೀರಿಗಿಳಿದ ತಕ್ಷಣ ಕೈಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಡೈವ್‌ಗೆ ಮುಂಚೆ ಆರೋಗ್ಯದ ಪ್ರಶ್ನೆಗಳಿರುವ ಒಂದು ಫಾರಂ ಕೊಡುತ್ತಾರೆ. ಬಿಪಿ ಅಂತ ಬರೆದರೆ ವೈದ್ಯರ ಸಹಿ ಕೇಳುತ್ತಾರೆ. ಸಹಿಯ ಗೊಡವೆ ಬೇಡ ಅಂತ "ಇಲ್ಲ" ಎಂದು ಗುರುತು ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮೈಸೂರಿನಲ್ಲೇ ನಿಮ್ಮ ಹೃದಯದ ಡಾಕ್ಟರಿಗೆ ಆ ಫಾರಂ ತೋರಿಸಿ, ಬೇಕಾದ ಪರೀಕ್ಷೆ ಮಾಡಿಸಿ, ಸಹಿ ಹಾಕಿಸಿಕೊಂಡೇ ವಿಮಾನ ಹತ್ತಿ. ಅವರು ಬೇಡ ಅಂದರೆ ಬೇಡ.

ಇನ್ನೊಂದು, ಕಿವಿ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿದ ಹಾಗೆ ಇಲ್ಲೂ ಆಗುತ್ತದೆ, ಆದರೆ ಒಂದೆರಡು ಮೀಟರ್‌ಗೇ ಶುರು. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ನೋವು ಬರುವ ಮೊದಲೇ ಒತ್ತಬೇಕು, ಬಂದ ಮೇಲಲ್ಲ. ಬಿಟ್ಟುಕೊಳ್ಳದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಿ. ನೆಗಡಿ ಇದ್ದರೆ ಅವತ್ತು ನೀರಿಗಿಳಿಯಲೇಬೇಡಿ.

ಪ್ರಶ್ನೆ: ಹವಳ ಸಾಯುತ್ತಿದೆ ಅಂತ ಓದುತ್ತೇನೆ. ಹಾಗಿದ್ದ ಮೇಲೆ ನಮ್ಮಂಥ ಪ್ರವಾಸಿಗರು ಅಲ್ಲಿಗೆ ಹೋಗುವುದೇ ತಪ್ಪಲ್ವಾ? (ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ನೀವು ಓದಿದ್ದು ನಿಜ. ಕೊಜುಮೆಲ್‌ನ ದಿಬ್ಬಗಳು ಸುಮಾರು 1000 ಕಿಲೋಮೀಟರ್ ಉದ್ದದ ಮೆಸೊಅಮೆರಿಕನ್ ಹವಳ ಸಾಲಿನ ಭಾಗ. 1996ರಲ್ಲಿ ಅವುಗಳನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. 2005ರಲ್ಲಿ ವಿಲ್ಮಾ ಚಂಡಮಾರುತ ಕಡಿಮೆ ಆಳದ ಹವಳವನ್ನು ಬಹಳ ಹಾಳುಮಾಡಿತು. 2018ರಲ್ಲಿ ಮೆಕ್ಸಿಕೋ ಕಡೆಯ ಕೆರಿಬಿಯನ್‌ನಲ್ಲಿ ಹೊಸ ಹವಳ ರೋಗವೊಂದು ಕಾಣಿಸಿಕೊಂಡಿತು. ಮೆದುಳಿನ ಆಕಾರದ ಹವಳ, ಕಂಬದ ಹಾಗೆ ನಿಲ್ಲುವ ಹವಳ, ಎರಡಕ್ಕೂ ಅದು ಬಡಿಯಿತು. ನೂರಾರು ವರ್ಷ ಬೆಳೆದ ಹವಳ ಕೆಲವೇ ವಾರಗಳಲ್ಲಿ ಬರಿ ಬಿಳಿ ಸುಣ್ಣವಾಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ಮೇಲೆ 2023ರಲ್ಲಿ ಸಮುದ್ರದ ನೀರೇ ವಿಪರೀತ ಬಿಸಿಯಾಯಿತು.

ಆದರೂ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆ ದ್ವೀಪದ ಎಷ್ಟೋ ಮನೆಗಳು ನಡೆಯುವುದು ಡೈವಿಂಗ್‌ನಿಂದ. ಹವಳಕ್ಕಾಗಿ ಜನ ಬರುವುದು ನಿಂತರೆ ಅದನ್ನು ಕಾಯುವವರೂ ಕಡಿಮೆಯಾಗುತ್ತಾರೆ. ಹೇಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಉದ್ಯಾನದೊಳಗೆ ಡೈವರ್‌ಗಳು ಕೈಗವಸು ಹಾಕುವಂತಿಲ್ಲ. ಕೈ ಬರಿದಾಗಿದ್ದರೆ ಮುಟ್ಟುವ ಮುಂಚೆ ಯಾರಾದರೂ ಯೋಚಿಸುತ್ತಾರೆ. ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಈಜುಡುಗೆ ತಗೊಂಡು ಹೋಗಿ. ಎಲ್ ಸಿಯೆಲೊ ಅನ್ನುವ ಆಳವಿಲ್ಲದ ಜಾಗದಲ್ಲಿ ನಕ್ಷತ್ರ ಮೀನುಗಳಿವೆ. ಫೋಟೋಗಾಗಿ ಅವನ್ನು ನೀರಿನಿಂದ ಎತ್ತಬೇಡಿ. ಎತ್ತುವವರನ್ನು ಕಂಡರೆ ಬೇಡ ಅನ್ನಿ. ಜಾಸ್ತಿ ಹಾನಿ ಆಗುವುದು ಕಾಲಿಗೆ ಹಾಕಿಕೊಳ್ಳುವ ಫಿನ್‌ನ ತುದಿಯಿಂದ, ಅದೂ ತೇಲುವ ಹದ ಬಾರದವರಿಂದ. ನಿಮಗೂ ಡಲ್ಲಾಸ್‌ನವರಿಗೆ ಹೇಳಿದ್ದೇ ಹೇಳುತ್ತೇನೆ: ಮೊದಲು ಈಜುಕೊಳ, ಆಮೇಲೆ ಹವಳ.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಡೈವ್ ಮಾಡಿ ಸಂಜೆ ವಿಮಾನ ಹತ್ತಬಹುದಾ?

ಉತ್ತರ: ಬೇಡ. ನೀರಿನ ಕೆಳಗೆ ಮೈಯಲ್ಲಿ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕೆ ಮುಂಚೆ ವಿಮಾನದ ಕಡಿಮೆ ಒತ್ತಡಕ್ಕೆ ಹೋದರೆ ಅದು ಗುಳ್ಳೆಗಳಾಗಿ ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನನ್ನಾದರೂ ತರಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನವೂ ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ನಾನು 24 ಗಂಟೆ ಬಿಡಿ ಅನ್ನುತ್ತೇನೆ. ಆ ಕೊನೆಯ ದಿನ ದ್ವೀಪದ ನಡುವೆ ಇರುವ ಸಾನ್ ಹೆರ್ವಾಸಿಯೊಗೆ ಹೋಗಿ ಬನ್ನಿ. ಮಾಯಾ ಜನರ ಇಶ್ಚೆಲ್ ದೇವಿಯನ್ನು ಪೂಜಿಸುತ್ತಿದ್ದ ಜಾಗ ಅದು. ಪೂರ್ವದ ದಡವನ್ನೂ ನೋಡಿ, ಆದರೆ ಅಲ್ಲಿ ಅಲೆ ಜೋರು, ನೀರಿಗಿಳಿಯಬೇಡಿ.