ಅಜ್ಜಿಯ ಮಾತಿಗೆ ಕೆಂಪು ಗೆರೆ

ರಾಮದುರ್ಗದ ಓದುಗರೊಬ್ಬರ ಪತ್ರ: "ಕತೆ ಬರೆದು ಕಾಗುಣಿತ ನೋಡುವ ತಂತ್ರಾಂಶಕ್ಕೆ ಹಾಕಿದೆ. ಪುಟದ ತುಂಬಾ ಕೆಂಪು ಗೆರೆ. ಒಂದೊಂದಾಗಿ ತಿದ್ದಿದೆ. ಈಗ ಕತೆಯ ಅಜ್ಜಿ ವಾರ್ತೆ ಓದಿದ ಹಾಗೆ ಮಾತಾಡುತ್ತಾಳೆ. ಯಾವ ಪ್ರತಿ ಕಳಿಸಲಿ ಸರ್?"

ತಿದ್ದದೇ ಇರುವುದನ್ನೇ ಕಳಿಸಿ. ಅಜ್ಜಿ 'ಅಂವ ಬರಾಕತ್ಯಾನ' ಅಂದರೆ ಅದರಲ್ಲಿ ತಪ್ಪೇನಿದೆ? ಅದನ್ನು 'ಅವನು ಬರುತ್ತಿದ್ದಾನೆ' ಮಾಡಿದ್ದೇ ತಪ್ಪು.

ಈ ಕೆಂಪು ಗೆರೆಗೆ ಅಷ್ಟೊಂದು ಹೆದರಬೇಡಿ. ತನ್ನ ಪಟ್ಟಿಯಲ್ಲಿ ಸಿಗದ ಪದಕ್ಕೆಲ್ಲ ಅದು ಗೆರೆ ಎಳೆಯುತ್ತದೆ, ಅಷ್ಟೇ. ಲಿಬ್ರೆ ಆಫೀಸ್ ಎಂಬ ಉಚಿತ ಬರವಣಿಗೆ ತಂತ್ರಾಂಶದಲ್ಲಿ ಕಾಗುಣಿತ ನೋಡುವ ಹನ್‌ಸ್ಪೆಲ್, ಪದದ ಮೂಲ ರೂಪವನ್ನೂ ಅದಕ್ಕೆ ಹತ್ತುವ ಪ್ರತ್ಯಯವನ್ನೂ ನೋಡುತ್ತದೆ ನಿಜ (ಅದು ಮೊದಲು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ, ಅಲ್ಲೂ ನಮ್ಮ ಹಾಗೇ ಪ್ರತ್ಯಯಗಳ ಸಾಲು). ಆದರೆ ಕನ್ನಡದಲ್ಲಿ ಪದ ಪದವೇ ಸಂಧಿಯಾಗಿ ಕೂಡಿಕೊಳ್ಳುತ್ತವೆ. 'ಬಂದಿದ್ದಾಳಂತಲ್ಲ' ಅನ್ನುವುದರೊಳಗೆ ಬಂದು, ಇದ್ದಾಳೆ, ಅಂತೆ, ಅಲ್ಲ ಎಲ್ಲಾ ಇವೆ. ಇಂಥವನ್ನೆಲ್ಲ ಪಟ್ಟಿ ಮಾಡಿ ಮುಗಿಸುವವರು ಯಾರು? ಹಾಗಾಗಿ ಸರಿಯಾದ ಪದಕ್ಕೂ ಗೆರೆ ಬೀಳುತ್ತದೆ. ಅದೇ 'ಅಕ್ಕಿ ಹಾರಿಹೋಯಿತು' ಅಂತ ಬರೆದು ನೋಡಿ, ಸುಮ್ನೆ ಬಿಟ್ಟುಬಿಡುತ್ತದೆ. ಅಕ್ಕಿಯೂ ಪಟ್ಟಿಯಲ್ಲಿದೆ, ಹಕ್ಕಿಯೂ ಇದೆ.

ಹಾಗಂತ ಬಿಸಾಡಬೇಡಿ. ನಿರೂಪಣೆಯಲ್ಲಿ 'ವಿಷೇಶ', 'ಸಂಭಂದ' ತರದವನ್ನು ಹಿಡಿಯಲು ಒಳ್ಳೆಯದೇ, ನಮ್ಮ ಕರಡು ತಿದ್ದುವವರ ಕಣ್ಣೂ ಉಳಿಯುತ್ತದೆ. ಬರೆಯುವಾಗ ಆಫ್ ಇರಲಿ, ಕತೆ ಪೂರ್ತಿ ಮುಗಿದ ಮೇಲೆ ಹಾಕಿ. ಅಜ್ಜಿಯ ಪದಗಳನ್ನು ಅದರ ನಿಘಂಟಿಗೆ ಸೇರಿಸಿಬಿಡಿ. ಆಗ ಒಂದು ಕಡೆ 'ಬರಾಕತ್ಯಾನ', ಇನ್ನೊಂದು ಕಡೆ 'ಬರಾಕ್ಹತ್ಯಾನ' ಅಂತ ಬರೆದಿದ್ದರೆ ಎರಡನೆಯದಕ್ಕೆ ಗೆರೆ ಬೀಳುತ್ತದೆ. ಒಬ್ಬಳ ಮಾತಿಗೆ ಒಂದೇ ಕಾಗುಣಿತ ಇರಬೇಕಲ್ವಾ? ನಮಗೆ ಬರುವ ಕತೆಗಳಲ್ಲಿ ಜಾಸ್ತಿ ಕಾಣುವ ತೊಂದರೆ ಇಂಥದ್ದೇ: ಮೊದಲ ಪುಟದಲ್ಲಿ ಧಾರವಾಡದ ಕಡೆಯವಳಾಗಿದ್ದ ಅಜ್ಜಿ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮೈಸೂರಿನವಳಾಗಿ 'ಹೋಗ್ತೀನಿ ಕಣೋ' ಅನ್ನುತ್ತಾಳೆ. ಇದನ್ನು ಆ ಗೆರೆ ಹೇಳುವುದಿಲ್ಲ. ಗಟ್ಟಿಯಾಗಿ ಓದಿದರೆ ಕಿವಿಗೆ ಗೊತ್ತಾಗುತ್ತದೆ.

ಎಐಗೆ ಕೊಟ್ಟು 'ತಪ್ಪು ಸರಿಮಾಡು' ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದು ಪ್ಯಾರಾವನ್ನೇ ತಿರುಗಿ ಬರೆದು ಕೊಟ್ಟೀತು. ನೀವು 'ಮಳೆ. ಬರೀ ಮಳೆ.' ಅಂತ ಬರೆದದ್ದು 'ಎಡೆಬಿಡದೆ ಮಳೆ ಸುರಿಯುತ್ತಿತ್ತು' ಆಗಿ ಕೂತಿರುತ್ತದೆ, ನಿಮ್ಮ ಗಮನಕ್ಕೂ ಬರುವುದಿಲ್ಲ. ಕೇಳಲೇಬೇಕಿದ್ದರೆ ತಪ್ಪುಗಳ ಪಟ್ಟಿ ಮಾತ್ರ ಕೇಳಿ, ತಿದ್ದುವುದು ನೀವೇ ತಿದ್ದಿ.

ಕತೆ ಯೂನಿಕೋಡ್‌ನಲ್ಲಿರಲಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಿಂದ ಬದಲಾಯಿಸಿದ್ದರೆ ಅರ್ಕಾವತ್ತು, ಒತ್ತಕ್ಷರಗಳು ಒಮ್ಮೊಮ್ಮೆ ಜಾಗ ತಪ್ಪುತ್ತವೆ, ಅಷ್ಟು ನೋಡಿ ಕಳಿಸಿ.

– ಸಂ.