ಗ್ಯಾರೇಜ್ ಮಾತು: ಮಗುವಿಗೆ ಯಾವ ಡರ್ಟ್ ಬೈಕ್?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಮಗನಿಗೆ 7 ವರ್ಷ, ಸೈಕಲ್ ಚೆನ್ನಾಗಿ ಹೊಡೆಯುತ್ತಾನೆ. ಈಗ ತೋಟದೊಳಗೆ ಓಡಿಸಲು ಡರ್ಟ್ ಬೈಕ್, ಅಂದರೆ ಮಣ್ಣಿನಲ್ಲಿ ಓಡಿಸುವ ಬೈಕ್ ಬೇಕಂತೆ. ನಮ್ಮ ಯಜಮಾನರ ಸ್ನೇಹಿತರೊಬ್ಬರು ಹಳೇ ಕವಾಸಕಿ ಕೆಎಲ್‌ಎಕ್ಸ್ 110 ಕೊಡುತ್ತೇನೆ ಎಂದಿದ್ದಾರೆ. "ಹೇಗೂ ಬೆಳೀತಾನೆ, ಅದನ್ನೇ ತರೋಣ" ಅಂತ ಇವರ ಹಟ. ಅತ್ತೆಗೆ ಭಯ, ನನಗೂ ಸ್ವಲ್ಪ ಇದೆ. ಏನು ಮಾಡೋಣ?
(ಹೆಸರು ಬೇಡ, ಮೂಡಿಗೆರೆ ತಾಲ್ಲೂಕು)

ಉತ್ತರ: "ಹೇಗೂ ಬೆಳೀತಾನೆ" ಅನ್ನುವುದು ಸ್ಕೂಲ್ ಯೂನಿಫಾರ್ಮ್‌ಗೆ ಸರಿ ಅಮ್ಮಾ. ಪ್ಯಾಂಟ್ ಉದ್ದ ಆಯಿತೆಂದರೆ ಒಳಗೆ ಮಡಚಿ ಹೊಲಿಸಬಹುದು. ಬೈಕಿನ ಸೀಟನ್ನು ಮಡಚಲು ಆಗುವುದಿಲ್ಲ.

ಕೆಎಲ್‌ಎಕ್ಸ್ 110 ಒಳ್ಳೆಯ ಬೈಕೇ. ನಾಲ್ಕು ಗೇರು, ಕ್ಲಚ್ ಲಿವರ್ ಇಲ್ಲ, ಎಂಜಿನ್ನೂ ಗಟ್ಟಿ. ಆದರೆ ಅದರ ಸೀಟು ನೆಲದಿಂದ 68 ಸೆಂಟಿಮೀಟರ್ ಎತ್ತರ, ತೂಕ ಸುಮಾರು 76 ಕೆ.ಜಿ. ನಿಮ್ಮ ಮಗ 22, 23 ಕೆ.ಜಿ. ಇರಬಹುದು. ಅಂದರೆ ಅವನ ಮೂರು ಪಟ್ಟು ತೂಕದ ಯಂತ್ರ. ಅದು ಓಡುವಾಗ ತೂಕ ಗೊತ್ತಾಗುವುದಿಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಕಾಲಿನ ಮೇಲೆ ಬಿದ್ದಾಗ ಗೊತ್ತಾಗುತ್ತದೆ. ಹತ್ತು ಹನ್ನೊಂದು ವರ್ಷಕ್ಕೆ ಅವನಿಗೆ ಅದು ಸರಿಹೋಗಬಹುದು. ಆ ಸ್ನೇಹಿತರು ಅಷ್ಟು ದಿನ ಇಟ್ಟುಕೊಂಡರೆ ಆಗ ನೋಡಿ.

ನನ್ನ ಗ್ಯಾರೇಜಿಗೆ ಬರುವ ಅಪ್ಪಂದಿರೆಲ್ಲ ಮೊದಲು ಕೇಳುವುದು "ಎಷ್ಟು ಸಿಸಿ?" ಅಂತಲೇ. ಸಿಸಿ ಆಮೇಲೆ ನೋಡೋಣ, ಮೊದಲು ಮಗುವನ್ನು ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದು ದಪ್ಪ ಪುಸ್ತಕವನ್ನು ಎರಡು ಕಾಲಿನ ಮಧ್ಯೆ, ಮೇಲಕ್ಕೆ ಮುಟ್ಟುವ ಹಾಗೆ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಏಳು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ 50ರಿಂದ 55 ಸೆಂಟಿಮೀಟರ್ ಬರುತ್ತದೆ. ಮೊದಲ ಬೈಕಿನ ಸೀಟು ಆ ಅಳತೆಯ ಆಸುಪಾಸಿನಲ್ಲಿ ಅಥವಾ ಕೆಳಗೆ ಇರಬೇಕು. ಎರಡೂ ಪಾದ ನೆಲಕ್ಕೆ ಊರಬೇಕು, ಬೆರಳ ತುದಿ ತಾಗಿದರೆ ಸಾಲದು. ಮಗು ಹೆದರಿದಾಗ ಮಾಡುವ ಮೊದಲ ಕೆಲಸವೇ ಕಾಲು ಕೆಳಗಿಡುವುದು. ಆಗ ನೆಲ ಸಿಗಬೇಕಲ್ವಾ?

ಹೊರದೇಶಗಳಲ್ಲಿ ಮಕ್ಕಳ ಮೊದಲ ಬೈಕು ಎಂದರೆ ಬಹಳ ಮಂದಿ ಹೇಳುವುದು ಯಮಹಾ ಪಿಡಬ್ಲ್ಯೂ 50. 1980ರ ದಶಕದ ಆರಂಭದಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ. ಸೀಟು ಸುಮಾರು 48 ಸೆಂಟಿಮೀಟರ್, ತೂಕ ಸುಮಾರು 40 ಕೆ.ಜಿ. ಗೇರಿಲ್ಲ, ಚೈನಿಲ್ಲ, ಹಿಂದಿನ ಚಕ್ರ ತಿರುಗಿಸಲು ಶಾಫ್ಟ್ (ಕಬ್ಬಿಣದ ದಂಡ) ಇದೆ. ಹಾಗಾಗಿ ಚೈನಿಗೆ ಬೆರಳು ಸಿಕ್ಕುವ ಭಯ ಇಲ್ಲ. ಎರಡು ಬ್ರೇಕೂ ಹ್ಯಾಂಡಲ್ಲಿನಲ್ಲೇ, ಸೈಕಲ್ಲಿನ ಹಾಗೆ. ಮಗು ಹೊಸದಾಗಿ ಕಲಿಯಬೇಕಾದದ್ದು ಆಕ್ಸಿಲರೇಟರ್ ಒಂದೇ. ಅದಕ್ಕೂ ಒಂದು ಸ್ಕ್ರೂ ಇಟ್ಟಿದ್ದಾರೆ. ಬಿಗಿ ಮಾಡಿದರೆ ಆಕ್ಸಿಲರೇಟರ್ ಸ್ವಲ್ಪವೇ ತಿರುಗುತ್ತದೆ. ಹೋಂಡಾ ಸಿಆರ್‌ಎಫ್ 50 ಎಫ್ ಇನ್ನೊಂದು. ಅದಕ್ಕೆ ಮೂರು ಗೇರು, ಕ್ಲಚ್ ತಾನಾಗಿಯೇ ಆಗುತ್ತದೆ, ಸೀಟು ಸುಮಾರು 55 ಸೆಂಟಿಮೀಟರ್. ಎರಡೂ ಇಲ್ಲಿನ ಶೋರೂಮಿನಲ್ಲಿ ಸಿಗುವುದಿಲ್ಲ. ಅಳತೆ ಹೇಗಿರಬೇಕು ಅಂತ ತಿಳಿಯಲಿ ಅಂತ ಹೇಳಿದೆ.

ಇಲ್ಲಿ ಸುಲಭವಾಗಿ ಸಿಗುವುದು ಆನ್‌ಲೈನಿನ 49 ಸಿಸಿ ಚೀನಾ ಬೈಕು, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಇಂಥದ್ದು ನನ್ನ ಹತ್ತಿರ ಬಂದರೆ ಮೊದಲು ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದಾಗ ಎಂಜಿನ್ ಓಡುವ ಸ್ಪೀಡ್ ನೋಡುತ್ತೇನೆ. ಇದರ ಕ್ಲಚ್ ಎಂಜಿನ್ ಸ್ಪೀಡ್ ಏರಿದರೆ ತಾನೇ ಹಿಡಿದುಕೊಳ್ಳುವ ಜಾತಿ. ಐಡ್ಲಿಂಗ್ ಜಾಸ್ತಿ ಇಟ್ಟಿದ್ದರೆ ಸ್ಟಾರ್ಟ್ ಆದ ಕೂಡಲೇ ಹಿಂದಿನ ಚಕ್ರ ತಿರುಗಲು ಶುರು, ಮಗು ಹತ್ತುವ ಮೊದಲೇ ಬೈಕು ಹೊರಟಿರುತ್ತದೆ. ತರುವುದೇ ಆದರೆ ಹಿಂದಿನ ಚಕ್ರ ಎತ್ತಿ ಹಿಡಿದು ಸ್ಟಾರ್ಟ್ ಮಾಡಿ. ಬ್ರೇಕ್ ಕೇಬಲ್, ಹ್ಯಾಂಡಲ್ ಬೋಲ್ಟು, ಚಕ್ರದ ನಟ್ಟು ಎಲ್ಲ ಮೆಕ್ಯಾನಿಕ್ ಕೈಲಿ ಬಿಗಿ ಮಾಡಿಸಿ. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲು ಮರೆಯಬೇಡಿ. ಮರೆತರೆ ಎಂಜಿನ್ ಕಚ್ಚಿಕೊಳ್ಳುತ್ತದೆ.

ನನ್ನ ಕೇಳಿದರೆ ನಿಮ್ಮ ಮಗನಿಗೆ ಚಿಕ್ಕ ಎಲೆಕ್ಟ್ರಿಕ್ ಬೈಕೇ ಸರಿ. ಕೆಳಮಟ್ಟದ ಸ್ಪೀಡ್ ಮೋಡ್ ಇರುವುದನ್ನೇ ತೆಗೆದುಕೊಳ್ಳಿ. ಬಿಸಿ ಸೈಲೆನ್ಸರ್ ಇಲ್ಲ, ತೂಕ ಕಡಿಮೆ, ಅತ್ತೆಯವರಿಗೆ ಶಬ್ದದ ಕಾಟವೂ ಇಲ್ಲ. ಒಂದೇ ಎಚ್ಚರಿಕೆ. ಶಬ್ದ ಇಲ್ಲದ ಕಾರಣ ಅದು ಆನ್ ಇದೆಯೋ ಆಫ್ ಇದೆಯೋ ಗೊತ್ತಾಗುವುದಿಲ್ಲ. ಇಳಿದ ತಕ್ಷಣ ಆಫ್ ಮಾಡುವ ಅಭ್ಯಾಸ ಮೊದಲ ದಿನವೇ ಆಗಲಿ.

ಎಲ್ಲಿ ಓಡಿಸುವುದು? ಕಾಫಿ ಕಣ ಸಿಮೆಂಟು, ಬಿದ್ದರೆ ಚರ್ಮ ಹೋಗುತ್ತದೆ. ಅದೂ ಅಲ್ಲದೆ ಕೊಯ್ಲಿನ ಸಮಯದಲ್ಲಿ ಕಣ ಖಾಲಿ ಇರುವುದೇ ಇಲ್ಲ. ಭತ್ತದ ಕೊಯ್ಲಾದ ಮೇಲೆ ಒಣಗಿದ ಗದ್ದೆ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಟ್ಟಸವಾಗಿರುತ್ತದೆ, ಮಣ್ಣು ಮೆತ್ತಗಿರುತ್ತದೆ, ಡಿಕ್ಕಿ ಹೊಡೆಯಲು ಸಿಲ್ವರ್ ಓಕ್ ಮರ ಇಲ್ಲ. ಮಳೆಗಾಲದಲ್ಲಿ ಬೈಕು ಶೆಡ್ಡಿನಲ್ಲೇ ಇರಲಿ. ಮೊದಲ ದಿನ ಸ್ವಿಚ್ ಆಫ್ ಮಾಡಿ ನೀವೇ ತಳ್ಳಿ, ಅವನು ಬರೀ ಬ್ರೇಕ್ ಹಿಡಿಯಲಿ. ನಿಲ್ಲಿಸಲು ಬಂದ ಮೇಲೆ ಹೊರಡುವುದು. ಗಾಬರಿಯಾದಾಗ ಮಕ್ಕಳು ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಂದಕ್ಕೆ ವಾಲುತ್ತಾರೆ. ಆಗ ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ. ಮಣಿಕಟ್ಟಿಗೆ ಕಟ್ಟುವ ದಾರ ಎಳೆದರೆ ಎಂಜಿನ್ ನಿಲ್ಲುವ ಕಿಲ್ ಸ್ವಿಚ್ ಇರಬೇಕು ಎನ್ನುವುದು ಇದಕ್ಕೇ.

ಹೆಲ್ಮೆಟ್ ಬಗ್ಗೆ ನೀವು ಕೇಳಿಲ್ಲ, ನಾನು ಬಿಡುವುದಿಲ್ಲ. ಹುಬ್ಬಿನ ಮೇಲೆ ತಲೆ ಸುತ್ತಳತೆ ತೆಗೆದು ಮಕ್ಕಳ ಸೈಜಿನದೇ ಕೊಳ್ಳಿ, ಗದ್ದ ಮುಚ್ಚುವಂಥದ್ದು. ಅಪ್ಪನ ಹೆಲ್ಮೆಟ್ಟಿಗೆ ಬಟ್ಟೆ ತುರುಕಿ ಹಾಕುವುದು ಬೇಡ. ಭಾರ ಪುಟ್ಟ ಕುತ್ತಿಗೆ ಮೇಲೆ ಬೀಳುತ್ತದೆ. ಕಣಕಾಲು ಮುಚ್ಚುವ ಬೂಟು, ಮೊಣಕಾಲು ಮೊಣಕೈ ಗಾರ್ಡು, ಗ್ಲೌಸ್. ಇದಕ್ಕೆಲ್ಲ ದುಡ್ಡು ತೆಗೆದಿಟ್ಟು ಉಳಿದದ್ದರಲ್ಲಿ ಬೈಕ್ ನೋಡಿ.

ಇನ್ನು ತೋಟದ ರಸ್ತೆ. ಲೈನ್ ಮನೆಯ ಕೆಲಸಗಾರರು, ಊರವರು ಹಕ್ಕಿನಿಂದ ಓಡಾಡುವ ದಾರಿ ನಿಮ್ಮ ತೋಟದೊಳಗೇ ಹಾದುಹೋದರೂ ಕಾನೂನಿನ ಪ್ರಕಾರ ಅದು ಸಾರ್ವಜನಿಕ ಸ್ಥಳವೇ. ಅಲ್ಲಿ ಮಗು ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಮಕ್ಕಳ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಯಜಮಾನರಿಗೆ ಈ ಪ್ಯಾರಾ ಓದಿ ಹೇಳಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳಿಗೆ 5. ಪಕ್ಕದ ಮನೆಯವರು ತಮ್ಮ ಮಗನಿಗೆ ಕೆಟಿಎಂ 50 ಎಸ್ಎಕ್ಸ್ ಕೊಡಿಸಿದ್ದಾರೆ. ನಾವೂ ಅದನ್ನೇ ಕೊಡಿಸಬಹುದೇ?
(ಆರ್., ಫ್ರೀಮಾಂಟ್)

ಉತ್ತರ: ಬೇಡ. ಅದು ರೇಸಿಗೆ ಮಾಡಿದ ಯಂತ್ರ. ಓಡಿಸುವವರಿಗೆ ಆಗಲೇ ಓಡಿಸಲು ಬರುತ್ತದೆ ಅಂದುಕೊಂಡೇ ಅದನ್ನು ಮಾಡಿರುತ್ತಾರೆ. ನಿಮ್ಮಲ್ಲಿ ಸ್ಟೇಸಿಕ್ ಅಂತ ಪೆಡಲ್ ಇಲ್ಲದ ಎಲೆಕ್ಟ್ರಿಕ್ ಬ್ಯಾಲೆನ್ಸ್ ಬೈಕ್ ಸಿಗುತ್ತದೆ. 2019ರಲ್ಲಿ ಹಾರ್ಲೆ ಡೇವಿಡ್‌ಸನ್ ಆ ಕಂಪನಿಯನ್ನು ಕೊಂಡಿತು. 12 ಇಂಚಿನ ಚಕ್ರದ ಬೈಕಿನ ತೂಕ 8 ಕೆ.ಜಿ. ಒಳಗೆ, ಸೀಟು 33 ಸೆಂಟಿಮೀಟರ್. ಮೊದಲು ಮೋಟಾರ್ ಹಾಕದೆ ಕಾಲಲ್ಲೇ ತಳ್ಳಿಕೊಂಡು ಓಡಾಡಲಿ. ಮಗಳು ಎತ್ತರ ಇದ್ದರೆ 16 ಇಂಚಿನದು ನೋಡಿ. ಪಿಡಬ್ಲ್ಯೂ 50 ಆಮೇಲೆ. ಅದನ್ನು ಕೊಂಡ ಮೇಲೆ ಹಾಲಿಸ್ಟರ್ ಹಿಲ್ಸ್ ಎಂಬ ಡರ್ಟ್ ಬೈಕ್ ಓಡಿಸುವ ಪಾರ್ಕಿಗೆ ಒಯ್ಯಬಹುದು, ನಿಮಗೆ ದೂರವೇನಿಲ್ಲ. ಅದಕ್ಕೆ ಅಲ್ಲಿನ ವಾಹನ ಇಲಾಖೆ ಡಿಎಂವಿಯ ಸ್ಟಿಕ್ಕರ್ ಬೇಕು, ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿಯೂ ಇರಬೇಕು. 6 ತುಂಬಿದ ಮೇಲೆ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ನಿನವರ ಡರ್ಟ್ ಬೈಕ್ ಸ್ಕೂಲಿಗೆ ಸೇರಿಸಿ. ಅಪ್ಪ ಹೇಳಿದ್ದು ಕೇಳದ ಮಕ್ಕಳು ಹೊರಗಿನವರು ಹೇಳಿದರೆ ಕೇಳುತ್ತಾರೆ. ಎಲ್ಲ ದೇಶದಲ್ಲೂ ಇದೇ ಕಥೆ.

ಪ್ರಶ್ನೆ: ಮಗನಿಗೆ 13, ವಯಸ್ಸಿಗಿಂತ ಎತ್ತರ ಇದ್ದಾನೆ. ಹೀರೋ ಎಕ್ಸ್‌ಪಲ್ಸ್ 200 ಕೊಡಿಸಿ ನಮ್ಮ ಸೈಟಿನಲ್ಲೇ ಕಲಿಸಲೇ?
(ಕೆ.ಎಂ., ತುಮಕೂರು)

ಉತ್ತರ: 150 ಕೆ.ಜಿ.ಗೂ ಮೇಲಿನ ಗಾಡಿ, ಸೀಟು 82 ಸೆಂಟಿಮೀಟರ್. ಅದು ರಸ್ತೆಗೂ ಮಣ್ಣಿಗೂ ಅಂತ ಮಾಡಿದ್ದು, ಕಲಿಯಲು ಅಲ್ಲ. ಮನೆಯಲ್ಲಿ ನಿಂತಿದ್ದರೆ ಸೈಟಿನಲ್ಲೇ ಓಡಿಸುತ್ತಾನೆ ಅನ್ನುವ ನಂಬಿಕೆಯೂ ನನಗಿಲ್ಲ. ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಅಂತ ತರಬೇತಿಯ ಜಾಗ ಇದೆ. 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ್ದು. ಹುಡುಗನ ವಯಸ್ಸು, ಎತ್ತರ ಹೇಳಿ, ಯಾವ ಬೈಕ್ ಕೊಡುತ್ತಾರೆ ಅಂತ ಮೊದಲು ಫೋನಿನಲ್ಲಿ ಕೇಳಿ. ಒಂದು ದಿನ ಅವರ ಬೈಕಿನಲ್ಲೇ ಬೀಳಲಿ, ಏಳಲಿ. ಸಂಜೆ ಮೈಕೈ ನೋವಿನಲ್ಲೂ "ಮತ್ತೆ ಯಾವಾಗ ಬರೋಣ?" ಅಂತ ಕೇಳಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಕಾಲಳತೆ ಸಮೇತ.