ಸಂಸದರು ‘ಖಾಸಗಿ ಮಸೂದೆ ಮಂಡಿಸಿದ್ದೇನೆ’ ಎಂದು ಕ್ಷೇತ್ರದ ಜನರಿಗೆ ತಿಳಿಸಿದರೆ, ಅದು ಕಾನೂನಾಗುತ್ತದೆಯೇ?

ಆಗುವ ಸಾಧ್ಯತೆ ತೀರಾ ಕಡಿಮೆ. ಸ್ವಾತಂತ್ರ್ಯಾನಂತರ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಪಡೆದ ಖಾಸಗಿ ಮಸೂದೆಗಳು ಬರೀ 14. ಕೊನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ.

ಸಚಿವರಲ್ಲದ ಯಾವ ಸದಸ್ಯರು ತಂದರೂ ಅದು ಖಾಸಗಿ ಮಸೂದೆಯೇ, ಅವರು ಆಡಳಿತ ಪಕ್ಷದವರಾಗಿದ್ದರೂ ಸರಿ. ಲೋಕಸಭೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಅದನ್ನೂ ಖಾಸಗಿ ನಿರ್ಣಯಗಳ ಜೊತೆ ಹಂಚಿಕೊಳ್ಳಬೇಕು. ಹಾಗಾಗಿ ಮಂಡನೆಯಾದ ಹೆಚ್ಚಿನವು ಚರ್ಚೆಗೇ ಬರುವುದಿಲ್ಲ. ಲೋಕಸಭೆ ವಿಸರ್ಜನೆಯಾದಾಗ ಅಲ್ಲಿ ಬಾಕಿ ಉಳಿದವು ಬಿದ್ದುಹೋಗುತ್ತವೆ.

ಆದರೆ ಸಮಯದ ಕೊರತೆಗಿಂತ ದೊಡ್ಡ ಅಡ್ಡಿ ಬಹುಮತ. ಅದು ಸರ್ಕಾರದ ಕೈಯಲ್ಲಿರುತ್ತದೆ. ವಿಷಯ ಇಷ್ಟವಾಗದಿದ್ದರೆ ಮಸೂದೆ ಮುಂದೆ ಹೋಗದು. ಇಷ್ಟವಾದರೂ ‘ಹಿಂದಕ್ಕೆ ತಗೊಳ್ಳಿ, ನಾವೇ ತರುತ್ತೇವೆ’ ಎನ್ನುವುದು ಸಚಿವರ ವಾಡಿಕೆ. ಹೆಸರು ಯಾರಿಗೆ ತಾನೇ ಬೇಡ!

ಹಾಗೆಂದು ಎಲ್ಲವೂ ವ್ಯರ್ಥವಲ್ಲ. ಡಿಎಂಕೆಯ ತಿರುಚಿ ಶಿವ ಅವರು ತಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಗೆ 2015ರಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಲೋಕಸಭೆಯಲ್ಲಿ ಅದು ದಡ ಸೇರಲಿಲ್ಲ, ನಿಜ. ಆದರೆ ಆಮೇಲೆ ಸರ್ಕಾರ ಅದೇ ವಿಷಯಕ್ಕೆ ತನ್ನದೇ ಮಸೂದೆ ತಂದು, 2019ರಲ್ಲಿ ಕಾಯ್ದೆ ಮಾಡಿತು. ಹೊಸ ಕಾಯ್ದೆ ಹಳೆಯ ಮಸೂದೆಗಿಂತ ದುರ್ಬಲ ಎಂದು ಆ ಸಮುದಾಯದ ಅನೇಕರು ಟೀಕಿಸಿದರು.

ನಿಮ್ಮ ಸಂಸದರನ್ನು ಕೇಳುವುದಿದ್ದರೆ ಹೀಗೆ ಕೇಳಿ: ಮಸೂದೆ ಚರ್ಚೆಗೆ ಬಂತೇ, ಸಚಿವರು ಏನು ಉತ್ತರ ಕೊಟ್ಟರು?